ಪ್ರೊಸೆಸರ್ ಯಾವುದಿದ್ದರೂ ಸರಿ, ತಪ್ಪು ಹುಡುಕುವ ಸಲಕರಣೆ ಮೊದಲು ಕೊಳ್ಳಿ

ಪ್ರಶ್ನೆ: ನಾವು ಗೋಣಿಕೊಪ್ಪಲು ಸುತ್ತಮುತ್ತಲಿನ ನಾಲ್ವರು ಗೆಳೆಯರು. ಮೂವರು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇವೆ, ಒಬ್ಬರು ಮನೆಯ ಕಾಫಿ ತೋಟ ನೋಡಿಕೊಳ್ಳುತ್ತಾರೆ. ತೋಟದ ಬೇರೆ ಬೇರೆ ಕಡೆ ಮಳೆ ಅಳೆದು, ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಪಂಪನ್ನು ದೂರದಿಂದಲೇ ಚಾಲು ಮಾಡುವ ಸಾಧನವೊಂದನ್ನು ತಯಾರಿಸಲು ಹೊರಟಿದ್ದೇವೆ. ಆದರೆ ಪ್ರೊಸೆಸರ್ ಯಾವುದೆಂಬ ವಾದದಲ್ಲೇ ನಿಂತುಬಿಟ್ಟಿದ್ದೇವೆ. ಒಬ್ಬರಿಗೆ ಆರ್ಮ್ ಜಾತಿಯ ಎಸ್‌ಟಿಎಂ32 ಬೇಕು, ಇನ್ನೊಬ್ಬರಿಗೆ 240 ಮೆಗಾಹರ್ಟ್ಸ್‌ನ ಇಎಸ್‌ಪಿ32, ಮತ್ತೊಬ್ಬರು ಮುಂದಿನ ಕಾಲವೆಲ್ಲ ರಿಸ್ಕ್-ವಿ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸದ್ದು ಎನ್ನುತ್ತಾರೆ. ಯಾವುದು ಉತ್ತಮ? ರಿಸ್ಕ್-ವಿ ಕಲಿಯದೆ ಹೋದರೆ ಮುಂದೆ ಕೆಲಸ ಸಿಗುವುದಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಸಾಧನಕ್ಕೆ ನಿಜವಾಗಿ ಎಷ್ಟು ಕೆಲಸವಿದೆ ಎಂಬ ಲೆಕ್ಕದಿಂದಲೇ ಆರಂಭಿಸುತ್ತೇನೆ. ಮಳೆಮಾಪಕದ ಒಳಗಿನ ಬಟ್ಟಲು ಪ್ರತಿ 0.2 ಮಿಲಿಮೀಟರ್ ಮಳೆಗೆ ಒಮ್ಮೆ ಮಗುಚುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 100 ಮಿಲಿಮೀಟರ್‌ನಂತೆ ಸುರಿದರೆ ಅದು ಕೊಡಗಿನವರಿಗೂ ಜೋರು ಮಳೆಯೇ. ಆಗಲೂ ಬಟ್ಟಲು ಮಗುಚುವುದು ಗಂಟೆಗೆ 500 ಸಲ, ಎಂದರೆ ಸುಮಾರು ಏಳು ಸೆಕೆಂಡಿಗೊಮ್ಮೆ. ಆರ್ಡುಯಿನೊ ಬೋರ್ಡಿನಲ್ಲಿರುವ 16 ಮೆಗಾಹರ್ಟ್ಸ್‌ನ ಹಳೆಯ ಎಂಟು ಬಿಟ್ ಚಿಪ್ಪಿಗೆ ಸಹ ಒಂದು ಮಗುಚುವಿಕೆಗೂ ಮುಂದಿನದಕ್ಕೂ ನಡುವೆ ಹನ್ನೊಂದು ಕೋಟಿಗೂ ಹೆಚ್ಚು ಗಡಿಯಾರದ ಬಡಿತಗಳಷ್ಟು ಬಿಡುವು ಸಿಗುತ್ತದೆ. ಪಂಪಿನ ಕೆಲಸವಂತೂ ದಿನಕ್ಕೆ ಕೆಲವು ಸಲ ರಿಲೇ ಎಂಬ ವಿದ್ಯುತ್ ಸ್ವಿಚ್ಚನ್ನು ಎಳೆದು ಬಿಡುವುದಷ್ಟೆ. ನೀವು ಹೆಸರಿಸಿದ ಮೂರೂ ಪ್ರೊಸೆಸರ್‌ಗಳು ಈ ಕೆಲಸದಲ್ಲಿ ಬಹುಪಾಲು ಸಮಯ ಸುಮ್ಮನೆ ಕುಳಿತಿರುತ್ತವೆ. ಹಾಗಿರುವಾಗ ಅವುಗಳಲ್ಲಿ ಯಾವುದು ಹೆಚ್ಚು ವೇಗದ್ದು ಎಂಬ ವಾದಕ್ಕೆ ನಿಮ್ಮ ತೋಟದಲ್ಲಿ ಅರ್ಥವಿಲ್ಲ.

ಆರ್ಮ್ ಮೇಲೋ ರಿಸ್ಕ್-ವಿ ಮೇಲೋ ಎಂಬ ವಾದವನ್ನು ಒಂದು ಚಿಪ್ಪೇ ಮುಗಿಸಿಬಿಟ್ಟಿದೆ. ರಾಸ್ಪ್‌ಬೆರಿ ಪೈ ಸಂಸ್ಥೆ 2024ರಲ್ಲಿ ಹೊರತಂದ ಆರ್‌ಪಿ2350 ಎಂಬ ಚಿಪ್ಪಿನೊಳಗೆ ಎರಡು ಆರ್ಮ್ ಕೋರ್‌ಗಳೂ ಎರಡು ರಿಸ್ಕ್-ವಿ ಕೋರ್‌ಗಳೂ ಒಟ್ಟಿಗೇ ಇವೆ. ಚಾಲು ಮಾಡುವಾಗ ಯಾವ ಜೋಡಿ ಬೇಕೆಂದು ನೀವೇ ಆರಿಸಿಕೊಳ್ಳಬಹುದು. ಸಿ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಮನ್ನು ಎರಡಕ್ಕೂ ಕಂಪೈಲ್ ಮಾಡಿ (ಚಿಪ್ಪಿಗೆ ಅರ್ಥವಾಗುವ ರೂಪಕ್ಕೆ ತಂದು) ಓಡಿಸಿದರೆ, ಮಳೆ ಎಣಿಸುವಂಥ ಕೆಲಸದಲ್ಲಿ ಹೊರಗಿನಿಂದ ನೋಡುವವರಿಗೆ ಯಾವ ಕೋರ್ ಓಡುತ್ತಿದೆ ಎಂಬುದು ತಿಳಿಯುವುದೂ ಇಲ್ಲ. ನಿಮ್ಮ ಗೆಳೆಯರಿಗೆ ಇದನ್ನು ಮಾಡಿ ತೋರಿಸುವುದು ಒಂದು ಸಂಜೆಯ ಕೆಲಸ.

ಇಂಥ ವಾದ ಹೊಸತೂ ಅಲ್ಲ. ಇಂಟೆಲ್‌ನ 8086 ಬಂದದ್ದು 1978ರಲ್ಲಿ, ಮೊಟೊರೊಲಾದ 68000 ಬಂದದ್ದು 1979ರಲ್ಲಿ. ಪ್ರೋಗ್ರಾಮ್ ಬರೆಯುವವರ ಮಟ್ಟಿಗೆ 68000 ಬಹಳ ಅಚ್ಚುಕಟ್ಟಾದ ಪ್ರೊಸೆಸರ್ ಆಗಿತ್ತು: 32 ಬಿಟ್‌ನ ರಿಜಿಸ್ಟರ್‌ಗಳು, 16 ಮೆಗಾಬೈಟ್‌ವರೆಗೆ ನೇರವಾಗಿ ತಲುಪುವ ವಿಳಾಸ. 8086ರಲ್ಲಾದರೆ ಒಟ್ಟು ಒಂದೇ ಮೆಗಾಬೈಟ್, ಅದನ್ನೂ 64 ಕಿಲೋಬೈಟ್‌ನ ತುಂಡುಗಳಾಗಿ ನೋಡಬೇಕಾದ ಪಾಡು. ಚಿಪ್ಪಿಗೆ ಚಿಪ್ ಹೋಲಿಸಿದರೆ ತನಗೆ ಗೆಲುವಿಲ್ಲವೆಂದು ಅರಿತ ಇಂಟೆಲ್, 1980ರಲ್ಲಿ ‘ಆಪರೇಷನ್ ಕ್ರಷ್’ ಎಂಬ ಹೆಸರಿನ ಮಾರಾಟ ಅಭಿಯಾನ ನಡೆಸಿ, ಚಿಪ್ಪಿನ ಗುಣಗಾನಕ್ಕಿಂತ ಅದರ ಜೊತೆಗೆ ಸಿಗುವ ಅಭಿವೃದ್ಧಿ ಸಲಕರಣೆ, ಕೈಪಿಡಿ, ಪೂರಕ ಚಿಪ್‌ಗಳು ಮತ್ತು ತಾಂತ್ರಿಕ ನೆರವನ್ನೇ ಮುಂದಿಟ್ಟಿತು. 8080ಕ್ಕೆ ಬರೆದ ಹಳೆಯ ಪ್ರೋಗ್ರಾಮ್‌ಗಳನ್ನು 8086ಕ್ಕೆ ಮಾರ್ಪಡಿಸಿಕೊಡುವ ಸಾಧನವೂ ಅದರ ಬಳಿ ಇತ್ತು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯೊಳಗೆ ಇದ್ದದ್ದು ಅದೇ ಕುಟುಂಬದ 8088. ಐಬಿಎಂನ ಆಯ್ಕೆಗೆ ಬೆಲೆ, ಪೂರೈಕೆ ಮುಂತಾದ ಬೇರೆ ಕಾರಣಗಳೂ ಇದ್ದವು, ಸಲಕರಣೆಯೊಂದೇ ಗೆಲ್ಲಿಸಿತು ಎಂದು ನಾನು ಹೇಳಲಾರೆ. ಆದರೆ ಚಿಪ್ ತಯಾರಿಸುವ ಸಂಸ್ಥೆಯೇ ಸೋಲಿನ ಭಯ ಬಂದಾಗ ಯಾವುದನ್ನು ನೆಚ್ಚಿಕೊಂಡಿತು ಎಂಬುದನ್ನು ಗಮನಿಸಿ.

ಆ ಐಬಿಎಂ ಪಿಸಿಯ ಮೇಲೆಯೇ ಇನ್ನೊಂದು ಸಂಗತಿ ನಡೆಯಿತು, ನನ್ನ ದೃಷ್ಟಿಯಲ್ಲಿ ಅದು ಇದಕ್ಕಿಂತ ಮುಖ್ಯವಾದದ್ದು. ಆ ಕಾಲದಲ್ಲಿ ಪ್ರೋಗ್ರಾಮ್ ಬರೆಯುವವರು ಎಡಿಟರ್‌ನಲ್ಲಿ ಬರೆದು, ಉಳಿಸಿ, ಹೊರಬಂದು, ಕಂಪೈಲರ್‌ನ ಫ್ಲಾಪಿ ಹಾಕಿ, ಒಂದೊಂದೇ ಹಂತ ಮುಗಿಯುವುದನ್ನು ಕಾದು, ಆಮೇಲೆ ತುಂಡುಗಳನ್ನು ಜೋಡಿಸುವ ಲಿಂಕರ್ ಓಡಿಸಿ, ಕೊನೆಗೆ ಒಂದು ಅರ್ಧವಿರಾಮ ಬಿಟ್ಟುಹೋಗಿದೆ ಎಂದು ತಿಳಿದು, ಮತ್ತೆ ಮೊದಲಿನಿಂದ ಹೊರಡುತ್ತಿದ್ದರು. 1983ರ ನವೆಂಬರ್‌ನಲ್ಲಿ ಬೋರ್ಲ್ಯಾಂಡ್ ಸಂಸ್ಥೆ ಆಂಡರ್ಸ್ ಹೈಲ್ಸ್‌ಬರ್ಗ್ ಬರೆದ ಕಂಪೈಲರನ್ನು ಆಧಾರವಾಗಿಟ್ಟು ಟರ್ಬೊ ಪ್ಯಾಸ್ಕಲ್ ಎಂಬ ಸಾಧನವನ್ನು 49.95 ಡಾಲರ್‌ಗೆ ಮಾರಾಟಕ್ಕಿಟ್ಟಿತು. ಎಡಿಟರ್ ಮತ್ತು ಕಂಪೈಲರ್ ಎರಡೂ ಒಂದೇ ಪ್ರೋಗ್ರಾಮಿನೊಳಗೆ, ಎಲ್ಲವೂ ಮೆಮೊರಿಯಲ್ಲೇ. ಒಂದು ಕೀಲಿ ಒತ್ತಿದರೆ ಸೆಕೆಂಡುಗಳಲ್ಲಿ ಕಂಪೈಲ್ ಆಗುತ್ತಿತ್ತು, ತಪ್ಪಿದ್ದರೆ ಕರ್ಸರ್ ಸೀದಾ ಆ ಸಾಲಿಗೇ ಹೋಗಿ ನಿಲ್ಲುತ್ತಿತ್ತು. ಪ್ರೊಸೆಸರ್ ಅದೇ 4.77 ಮೆಗಾಹರ್ಟ್ಸ್‌ನ 8088. ಬದಲಾದದ್ದು ತಪ್ಪು ಮಾಡುವುದಕ್ಕೂ ಅದು ಕಣ್ಣಿಗೆ ಬೀಳುವುದಕ್ಕೂ ನಡುವಿನ ಕಾಲ ಮಾತ್ರ. ಆ ಕಾಲ ಕಡಿಮೆಯಾದಾಗ ಮನುಷ್ಯ ಹೆಚ್ಚು ಸಲ ಪ್ರಯತ್ನಿಸುತ್ತಾನೆ, ಅನುಮಾನ ಬಂದದ್ದನ್ನು ಊಹಿಸುತ್ತ ಕೂರದೆ ಓಡಿಸಿಯೇ ನೋಡುತ್ತಾನೆ. ಅದರ ಮುಂದೆ ಎರಡು ಪಟ್ಟು ವೇಗದ ಚಿಪ್ ಏನೂ ಅಲ್ಲ.

ವಿರುದ್ಧ ದಿಕ್ಕಿನ ಉದಾಹರಣೆ ಬೇಕಿದ್ದರೆ ಇಟೇನಿಯಂ ಇದೆ. ಇಂಟೆಲ್ ಮತ್ತು ಎಚ್‌ಪಿ ಸೇರಿ 2001ರಲ್ಲಿ ಹೊರತಂದ ಈ ಪ್ರೊಸೆಸರ್, ಯಾವ ಯಾವ ಆದೇಶಗಳನ್ನು ಒಟ್ಟಿಗೆ ಓಡಿಸಬಹುದು ಎಂದು ಮೊದಲೇ ಕಂಡುಹಿಡಿದು ಜೋಡಿಸಿಡುವ ಹೊಣೆಯನ್ನು ಕಂಪೈಲರ್‌ನ ತಲೆಗೆ ಕಟ್ಟಿತು. ದಿನನಿತ್ಯದ ಪ್ರೋಗ್ರಾಮ್‌ಗಳಲ್ಲಿ ಅದನ್ನು ಚೆನ್ನಾಗಿ ಮಾಡಬಲ್ಲ ಕಂಪೈಲರ್ ಬೇಕಾದಾಗ ಸಿಗಲಿಲ್ಲ. 2003ರಲ್ಲಿ ಎಎಂಡಿ ಹಳೆಯ ಎಕ್ಸ್86 ವಿನ್ಯಾಸವನ್ನೇ 64 ಬಿಟ್‌ಗೆ ಹಿಗ್ಗಿಸಿ ಆಪ್ಟೆರಾನ್ ತಂದಾಗ ಹಳೆಯ ಪ್ರೋಗ್ರಾಮ್‌ಗಳು ಅದರ ಮೇಲೆ ಹಾಗೆಯೇ ಓಡಿದವು, ಜನ ಅತ್ತ ನಡೆದರು. ಇಟೇನಿಯಂನ ಕೊನೆಯ ಕಂತು ರವಾನೆಯಾದದ್ದು 2021ರಲ್ಲಿ.

ಈಗ ನಿಮ್ಮ ತೋಟಕ್ಕೆ ಬರೋಣ. ನಿಮ್ಮ ಸಾಧನ ಕೆಡುವುದು ಎಲ್ಲೆಲ್ಲಿ ಎಂದು ನನಗೆ ಬಹುಮಟ್ಟಿಗೆ ಗೊತ್ತು, ಏಕೆಂದರೆ ಇಂಥ ಸಾಧನಗಳೆಲ್ಲ ಕೆಡುವ ಜಾಗಗಳು ಒಂದೇ.

ಮೊದಲನೆಯದು ಬಟ್ಟಲಿನ ಸ್ವಿಚ್. ಬಟ್ಟಲು ಮಗುಚುವಾಗ ಅದಕ್ಕಂಟಿಸಿದ ಅಯಸ್ಕಾಂತ ಒಂದು ರೀಡ್ ಸ್ವಿಚ್‌ನ ಮುಂದೆ ಹಾದುಹೋಗುತ್ತದೆ. ಸ್ವಿಚ್‌ನೊಳಗಿನ ತೆಳು ಲೋಹದ ನಾಲಗೆಗಳು ಒಮ್ಮೆ ಕೂಡಿ ಸುಮ್ಮನಾಗುವುದಿಲ್ಲ, ಒಂದು ಕ್ಷಣ ಕುಣಿದು, ಕೂಡಿ, ಬಿಟ್ಟು, ಮತ್ತೆ ಕೂಡುತ್ತವೆ. ಆ ಕುಣಿತವನ್ನೂ ಎಣಿಸಿದರೆ ಒಂದು ಮಗುಚುವಿಕೆ ಎರಡಾಗಿ, ಮೂರಾಗಿ ದಾಖಲಾಗುತ್ತದೆ. ಪ್ರೊಸೆಸರ್ ವೇಗದ್ದಾದಷ್ಟೂ ಇದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಏಕೆಂದರೆ ವೇಗದ ಪ್ರೊಸೆಸರ್ ಒಂದು ಕುಣಿತವನ್ನೂ ಬಿಡದೆ ನಿಷ್ಠೆಯಿಂದ ಎಣಿಸುತ್ತದೆ. 0.2 ಮಿಲಿಮೀಟರ್ ಬಟ್ಟಲಿನಲ್ಲಿ ಒಂದು ಇಂಚು ಮಳೆಗೆ 127 ಮಗುಚುವಿಕೆ ಆಗಬೇಕು. ಮೂರರಲ್ಲಿ ಎರಡು ಎರಡೆರಡಾಗಿ ಎಣಿಸಲ್ಪಟ್ಟರೆ 60 ಸೆಂಟ್ (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟ್) ಬಿದ್ದ ಮಳೆ ನಿಮ್ಮ ಪರದೆಯ ಮೇಲೆ ಒಂದು ಇಂಚು ಎಂದು ಕಾಣುತ್ತದೆ. ಹೂವಿಗೆ ಸಾಕಾಯಿತೆಂದು ಪಂಪ್ ಚಾಲೂ ಆಗುವುದಿಲ್ಲ. ರೊಬಸ್ಟಾ ಮೊಗ್ಗು ಅರ್ಧಂಬರ್ಧ ಅರಳುತ್ತದೆ. ನಷ್ಟ ತಿಳಿಯುವುದು ಕೊಯ್ಲಿನಲ್ಲಿ.

ಇದನ್ನು ಪ್ರೋಗ್ರಾಮ್ ಓದುತ್ತ ಕುಳಿತು ಕಂಡುಹಿಡಿಯುವುದು ಕಷ್ಟ, ಏಕೆಂದರೆ ಪ್ರೋಗ್ರಾಮಿನಲ್ಲಿ ತಪ್ಪಾಗಿ ಕಾಣುವಂಥದ್ದು ಏನೂ ಇರುವುದಿಲ್ಲ. ಎಂಟು ಚಾನೆಲ್‌ನ ಸಾಮಾನ್ಯ ಲಾಜಿಕ್ ಅನಲೈಸರ್ (ತಂತಿಯ ಸಂಕೇತದ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಸಾಧನ) ಒಂದನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚಿ, ಅದರ ಒಂದು ತಂತಿಯನ್ನು ಸ್ವಿಚ್‌ಗೂ ಇನ್ನೊಂದನ್ನು ಗ್ರೌಂಡ್‌ಗೂ ಸೇರಿಸಿ, ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ. ಬಟ್ಟಲನ್ನು ಬೆರಳಿನಿಂದ ಒಮ್ಮೆ ಮಗುಚಿದರೆ ಪರದೆಯ ಮೇಲೆ ಒಂದು ಗೆರೆ ಕೆಳಗಿಳಿಯಬೇಕಾದ ಜಾಗದಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲು ಗೆರೆಗಳು ಕಾಣುತ್ತವೆ, ಒಂದೊಂದರ ಅಗಲವನ್ನೂ ಅಲ್ಲೇ ಅಳೆಯಬಹುದು. ಮೊದಲ ಗೆರೆಯ ನಂತರ 50 ಮಿಲಿಸೆಕೆಂಡ್ ಕಾಲ ಬೇರೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಎರಡು ಸಾಲು ಸೇರಿಸಿದರೆ ಸಮಸ್ಯೆ ಮುಗಿಯಿತು; ಆ ಅವಧಿಯಲ್ಲಿ ಬಟ್ಟಲು ಮತ್ತೊಮ್ಮೆ ತುಂಬಲಾರದು. ಈ ಅನಲೈಸರ್‌ನ ಬೆಲೆ ಒಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ.

ಎರಡನೆಯದು ಪಂಪ್. ಪಂಪಿನ ಸ್ಟಾರ್ಟರ್ ಎಳೆದ ಕ್ಷಣದಲ್ಲಿ ಲೈನಿನ ವೋಲ್ಟೇಜ್ ಕುಸಿಯುತ್ತದೆ, ಕಾಂಟ್ಯಾಕ್ಟರ್‌ನ ಕಾಯಿಲ್‌ನಿಂದ ವಿದ್ಯುತ್ ಗದ್ದಲವೂ ಏಳುತ್ತದೆ, ನಿಮ್ಮ ಬೋರ್ಡ್ ರೀಸೆಟ್ ಆಗುತ್ತದೆ. ಆಗ ನಿಮ್ಮಲ್ಲಿ ಒಬ್ಬರು ಖಂಡಿತವಾಗಿ ‘ಈ ಚಿಪ್ಪೇ ಸರಿಯಿಲ್ಲ, ಮೊದಲೇ ಹೇಳಿದ್ದೆ’ ಎನ್ನುತ್ತಾರೆ. ಚಿಪ್ ಬದಲಿಸುವ ಮೊದಲು ಅದನ್ನೇ ಕೇಳಿ. ಇಎಸ್‌ಪಿ32ರಲ್ಲಾಗಲಿ ಎಸ್‌ಟಿಎಂ32ರಲ್ಲಾಗಲಿ, ಹಿಂದಿನ ಸಲ ರೀಸೆಟ್ ಆದದ್ದು ಏಕೆ ಎಂಬುದನ್ನು ಚಿಪ್ಪೇ ಬರೆದಿಟ್ಟುಕೊಂಡಿರುತ್ತದೆ: ಕರೆಂಟ್ ಬಂದು ಹೊಸದಾಗಿ ಚಾಲೂ ಆಯಿತೇ, ವೋಲ್ಟೇಜ್ ಕುಸಿಯಿತೇ, ಪ್ರೋಗ್ರಾಮ್ ಸ್ತಬ್ಧವಾದಾಗ ರೀಸೆಟ್ ಮಾಡುವ ವಾಚ್‌ಡಾಗ್ ಕಚ್ಚಿತೇ, ಪ್ರೋಗ್ರಾಮೇ ಮುಗ್ಗರಿಸಿತೇ. ಚಾಲೂ ಆದ ಕೂಡಲೇ ಆ ಕಾರಣವನ್ನು ಓದಿ, ಸಮಯದೊಂದಿಗೆ ಫ್ಲ್ಯಾಶ್ ಮೆಮೊರಿಯಲ್ಲಿ ಒಂದು ಸಾಲು ಬರೆದಿಡುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಕೊಳ್ಳಿ. ಪಂಪ್ ಚಾಲೂ ಆದ ಹೊತ್ತಿಗೆಲ್ಲ ವೋಲ್ಟೇಜ್ ಕುಸಿದ ದಾಖಲೆ ಕಂಡರೆ ತಪ್ಪು ನಿಮ್ಮ ಪವರ್ ಸಪ್ಲೈಯದು. ಇಎಸ್‌ಪಿ32 ಪ್ರೋಗ್ರಾಮ್ ಮುಗ್ಗರಿಸಿದಾಗ ಸೀರಿಯಲ್ ಪರದೆಯ ಮೇಲೆ ‘ಗುರು ಮೆಡಿಟೇಶನ್’ ಎಂದು ಬರೆಯುವುದನ್ನು ನೀವು ನೋಡಿರಬಹುದು. ಆ ತಮಾಷೆಯ ಹೆಸರು 68000 ಪ್ರೊಸೆಸರ್‌ನ ಅಮಿಗಾ ಕಂಪ್ಯೂಟರ್‌ನಿಂದ ಬಂದದ್ದು. ಅದರ ಕೆಳಗಿನ ವಿಳಾಸಗಳ ಸಾಲನ್ನು ಕಸವೆಂದು ಅಳಿಸಬೇಡಿ. ಅವನ್ನು ಡೀಕೋಡರ್‌ಗೆ ಕೊಟ್ಟರೆ ಮುಗ್ಗರಿಸಿದ್ದು ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಎಂದು ತಿಳಿಯುತ್ತದೆ.

ಮೂರನೆಯದು ಹೆಚ್ಚು ಕಪಟಿ. ಆರ್ಡುಯಿನೊ ಶೈಲಿಯ ಪ್ರೋಗ್ರಾಮ್‌ಗಳಲ್ಲಿ ಚಾಲೂ ಆದಾಗಿನಿಂದ ಕಳೆದ ಮಿಲಿಸೆಕೆಂಡ್‌ಗಳನ್ನು 32 ಬಿಟ್ ಸಂಖ್ಯೆಯೊಂದರಲ್ಲಿ ಎಣಿಸುತ್ತಾರೆ. ಆ ಸಂಖ್ಯೆ ತುಂಬಿ ಮತ್ತೆ ಸೊನ್ನೆಗೆ ಬರುವುದು 49.7 ದಿನಗಳಲ್ಲಿ. ಜೂನ್ ಒಂದು ಆರಂಭವಾಗುವ ನಡುರಾತ್ರಿ ಸಾಧನ ಚಾಲೂ ಮಾಡಿದರೆ ಅದು ಜುಲೈ 20ರ ಸಂಜೆ ಐದರ ಹೊತ್ತಿಗೆ ಸೊನ್ನೆಯಾಗುತ್ತದೆ, ಎಂದರೆ ಸರಿಯಾಗಿ ಕಕ್ಕಡ ಮಾಸದ ಮಳೆಯ ನಡುವೆ. ‘ಈಗಿನ ಸಮಯವು ಹಿಂದಿನ ಸಮಯ ಕೂಡಿಸು ಅವಧಿಗಿಂತ ದೊಡ್ಡದೇ’ ಎಂದು ಹೋಲಿಸುವ ಪ್ರೋಗ್ರಾಮ್ ಆ ಸಂಜೆ ದಾರಿ ತಪ್ಪಬಹುದು. ‘ಈಗಿನ ಸಮಯದಿಂದ ಹಿಂದಿನದನ್ನು ಕಳೆದರೆ ಉಳಿಯುವುದು ಅವಧಿಗಿಂತ ದೊಡ್ಡದೇ’ ಎಂದು ಹೋಲಿಸುವ ಪ್ರೋಗ್ರಾಮ್‌ಗೆ ಏನೂ ಆಗದು. ನೋಡಲು ಎರಡೂ ಒಂದೇ ರೀತಿ. ಮೇಜಿನ ಮೇಲೆ ಒಂದು ವಾರ ಓಡಿಸಿ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ, ತೋಟದ ಕೊನೆಯಲ್ಲಿ ನೀರು ಸುರಿಯುತ್ತಿರುವಾಗ ಕಾಣುತ್ತದೆ.

ಇದಕ್ಕೆ ಬೇಕಾದ ಸಲಕರಣೆಗೆ ಹಣವೇ ಬೇಕಿಲ್ಲ. ಮಳೆ ಎಣಿಸುವ, ಪಂಪ್ ನಿರ್ಧರಿಸುವ ಭಾಗವನ್ನು ಚಿಪ್ಪಿನ ಪಿನ್‌ಗಳಿಂದ ಬೇರ್ಪಡಿಸಿ ಬರೆಯಿರಿ. ಸಮಯವನ್ನು ಅದು ಹೊರಗಿನಿಂದ ಪಡೆಯುವಂತೆ ಮಾಡಿ. ಆಗ ಆ ಭಾಗವನ್ನು ಲ್ಯಾಪ್‌ಟಾಪಿನಲ್ಲಿಯೇ ಕಂಪೈಲ್ ಮಾಡಿ, ಗಡಿಯಾರ ಸೊನ್ನೆಯಾಗುವುದಕ್ಕೆ ಹತ್ತು ಸೆಕೆಂಡ್ ಮೊದಲಿನ ಸುಳ್ಳು ಸಮಯವನ್ನು ಕೊಟ್ಟು ಏನಾಗುತ್ತದೆಂದು ನೋಡಬಹುದು. ಹೋದ ವರ್ಷದ ಇಡೀ ಮಳೆಗಾಲವನ್ನು ಒಂದು ಕಡತದಿಂದ ಓದಿಸಿ ಕೆಲವೇ ಸೆಕೆಂಡ್‌ಗಳಲ್ಲಿ ಓಡಿಸಬಹುದು. ಇದರಿಂದ ಇನ್ನೊಂದು ಲಾಭವಿದೆ: ಹೀಗೆ ಬರೆದ ಭಾಗವು ಆರ್ಮ್, ರಿಸ್ಕ್-ವಿ, ಇಎಸ್‌ಪಿ32ರ ಎಕ್ಸ್‌ಟೆನ್ಸಾ ಯಾವುದರ ಮೇಲಾದರೂ ಓಡುತ್ತದೆ. 2020ರ ನಂತರದ ಚಿಪ್ ಕೊರತೆಯಲ್ಲಿ ಎಸ್‌ಟಿಎಂ32 ಸಿಗದೆ ಪರದಾಡಿದವರ ಪೈಕಿ, ಹೀಗೆ ಬೇರ್ಪಡಿಸಿ ಬರೆದಿದ್ದವರು ಬೇರೆ ಚಿಪ್ಪಿಗೆ ಬೇಗ ದಾಟಿಕೊಂಡರು. ಉಳಿದವರು ಕಾದರು ಅಥವಾ ಹಲವು ಪಟ್ಟು ಬೆಲೆ ತೆತ್ತರು.

ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡಲು ಬಿಡುವ ಡೀಬಗರ್ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಕಾಲೇಜುಗಳಿಂದ ಬರುವ ಅನೇಕರು ಅದನ್ನು ಮುಟ್ಟಿಯೇ ಇರುವುದಿಲ್ಲ. ಅಲ್ಲಲ್ಲಿ ಪ್ರಿಂಟ್ ಹಾಕಿ ನೋಡುವುದು ಕೆಟ್ಟ ಕ್ರಮವೇನಲ್ಲ, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಸಾಕಾಗುತ್ತದೆ. ಗೊತ್ತಿಲ್ಲದಾಗ ಬೇಕಾದದ್ದು ವಾಚ್‌ಪಾಯಿಂಟ್. ಒಂದು ದಿನದ ಮಳೆಯ ಮೊತ್ತ ಇದ್ದಕ್ಕಿದ್ದಂತೆ ಅಸಂಬದ್ಧ ಸಂಖ್ಯೆಯಾಗುತ್ತಿದೆ ಎಂದಿಟ್ಟುಕೊಳ್ಳಿ. ಆ ಮೊತ್ತವಿರುವ ವಿಳಾಸವನ್ನು ಯಾರು ಬರೆದರೂ ಅಲ್ಲಿಯೇ ನಿಲ್ಲು ಎಂದು ಡೀಬಗರ್‌ಗೆ ಹೇಳಿದರೆ, ಮೆಮೊರಿಯಲ್ಲಿ ಅದರ ಪಕ್ಕದ 60 ಸ್ಥಾನಗಳ ಪಟ್ಟಿಗೆ 61ನೆಯದನ್ನು ಬರೆಯಲು ಹೊರಟ ಸಾಲಿನ ಮೇಲೆ ಅದು ಪ್ರೋಗ್ರಾಮನ್ನು ಹಿಡಿದು ನಿಲ್ಲಿಸುತ್ತದೆ. ಎಸ್‌ಟಿಎಂ32ಕ್ಕೆ ಇದಕ್ಕಾಗಿ ಎರಡು ತಂತಿ ಮತ್ತು ಗ್ರೌಂಡ್ ಸಾಕು. ಎಸ್‌ಟಿ-ಲಿಂಕ್ ಎಂಬ ಪುಟ್ಟ ಸಾಧನ ಬೇಕು, ನ್ಯೂಕ್ಲಿಯೊ ಬೋರ್ಡ್ ಕೊಂಡರೆ ಅದು ಬೋರ್ಡಿನ ಮೇಲೆಯೇ ಬರುತ್ತದೆ. ಇಎಸ್‌ಪಿ32-ಎಸ್3 ಮತ್ತು ಸಿ3 ಚಿಪ್‌ಗಳಲ್ಲಿ ಡೀಬಗ್ ಮಾಡುವ ಯುಎಸ್‌ಬಿ ಚಿಪ್ಪಿನೊಳಗೇ ಇದೆ. ಮೂಲ ಇಎಸ್‌ಪಿ32ರಲ್ಲಿ ಹೊರಗಿನಿಂದ ಬೇರೆ ಸಾಧನ ಜೋಡಿಸಬೇಕು. ಇಂಥ ವ್ಯತ್ಯಾಸಗಳ ಮೇಲೆ ನೀವು ವಾದ ಮಾಡಿದರೆ ನನ್ನ ಆಕ್ಷೇಪವಿಲ್ಲ.

ಪ್ರೊಸೆಸರ್ ಆಯ್ಕೆಗೆ ಬೆಲೆಯೇ ಇಲ್ಲ ಎಂದು ನನ್ನ ಮಾತಿನ ಅರ್ಥವಲ್ಲ. ಬೆಲೆಯಿರುವ ಜಾಗಗಳು ಬೇರೆ. ಮೂಲ ಇಎಸ್‌ಪಿ32ರಲ್ಲಿ ಅನಲಾಗ್ ಅಳತೆ ನೇರ ಗೆರೆಯಲ್ಲಿ ಬರುವುದಿಲ್ಲ, ಮೇಲಾಗಿ ಅದರ ಎರಡನೆಯ ಎಡಿಸಿಯನ್ನು (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ವೈಫೈ ಓಡುವಾಗ ಬಳಸಲಾಗದು. ಮುಂದೆ ಮಣ್ಣಿನ ತೇವಾಂಶ ಅಳೆಯುವ ಆಲೋಚನೆಯಿದ್ದರೆ ಇದನ್ನು ಈಗಲೇ ಯೋಚಿಸಿ. ಲೈನ್‌ಮನೆಯಿಂದ ದೂರದ ಮಾಪಕಗಳು ಬ್ಯಾಟರಿಯ ಮೇಲೆ ಬದುಕಬೇಕು, ಜೂನ್–ಜುಲೈಯಲ್ಲಿ ಸೋಲಾರ್ ಫಲಕವನ್ನು ಪೂರ್ತಿ ನಂಬುವಂತಿಲ್ಲ. ಇಲ್ಲಿಯೂ ಚಿಪ್ಪಿಗಿಂತ ಬೋರ್ಡ್ ಹೆಚ್ಚು ತಿನ್ನುತ್ತದೆ: ಗಾಢ ನಿದ್ರೆಯಲ್ಲಿ ಚಿಪ್ ಹತ್ತು ಮೈಕ್ರೊಆಂಪ್ ಆಸುಪಾಸು ಎಳೆದರೆ, ಅಗ್ಗದ ಬೋರ್ಡಿನ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಮತ್ತು ಸದಾ ಉರಿಯುವ ಎಲ್‌ಇಡಿ ಸೇರಿ ಅದರ ನೂರಾರು ಪಟ್ಟು ಎಳೆಯುತ್ತವೆ. ಮಲ್ಟಿಮೀಟರ್ ಹಿಡಿದು ಅಳೆದವರಿಗೆ ಇದು ಐದು ನಿಮಿಷದಲ್ಲಿ ತಿಳಿಯುತ್ತದೆ.

ರಿಸ್ಕ್-ವಿ ಮತ್ತು ಉದ್ಯೋಗದ ಪ್ರಶ್ನೆಗೆ ಉತ್ತರ ಚಿಕ್ಕದು. 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ವಿನ್ಯಾಸ ಮುಕ್ತವಾದದ್ದು, ನಮ್ಮ ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳು ಅದನ್ನೇ ಆಧರಿಸಿವೆ. ಆಸಕ್ತಿಯಿದ್ದರೆ ಕಲಿಯಿರಿ, ಒಳ್ಳೆಯದೇ. ಆದರೆ ಜಿಸಿಸಿ, ಎಲ್‌ಎಲ್‌ವಿಎಂ ಎಂಬ ಕಂಪೈಲರ್‌ಗಳು, ಜಿಡಿಬಿ ಎಂಬ ಡೀಬಗರ್ ಮೂರೂ ಆರ್ಮ್‌ನಂತೆ ರಿಸ್ಕ್-ವಿಗೂ ಇವೆ. ಒಂದರ ಮೇಲೆ ಡೀಬಗರ್ ಹಿಡಿಯಲು ಕಲಿತವರಿಗೆ ಇನ್ನೊಂದಕ್ಕೆ ಹೋಗಿ ಹೊಂದಿಕೊಳ್ಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಸಂದರ್ಶನದಲ್ಲಿ ನಾನಾದರೆ ಕೇಳುವುದು, ನೀವು ಕೊನೆಯದಾಗಿ ಹುಡುಕಿದ ಕಷ್ಟದ ತಪ್ಪು ಯಾವುದು, ಅದನ್ನು ಹೇಗೆ ಹುಡುಕಿದಿರಿ ಎಂದು. ಚಿಪ್ಪಿನ ಹೆಸರು ಅದರಲ್ಲಿ ಪ್ರಸ್ತಾಪಕ್ಕೆ ಬಂದರೂ ಸರಿ, ಬರದಿದ್ದರೂ ಸರಿ.

ಇಷ್ಟರ ಮೇಲೂ ಒಂದು ಚಿಪ್ಪಿನ ಹೆಸರು ಹೇಳಲೇಬೇಕೆಂದರೆ, ವೈಫೈ ತಲುಪುವ ಪಂಪ್‌ಮನೆಗೆ ಇಎಸ್‌ಪಿ32-ಎಸ್3 ಸಾಕು ಎನ್ನುತ್ತೇನೆ. ದೂರದ ಮಾಪಕಗಳಿಗೆ 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವಂಥದ್ದು) ಜೋಡಿಸಿ ಅದೇ ಚಿಪ್ಪನ್ನು ಮುಂದುವರಿಸಿ, ಎರಡು ಜಾತಿಯ ಸಲಕರಣೆಗಳ ಗೋಜಿಗೆ ಹೋಗಬೇಡಿ. ಎಸ್‌ಟಿಎಂ32 ನಿಮ್ಮಲ್ಲಿ ಇಬ್ಬರಿಗೆ ಈಗಾಗಲೇ ಚೆನ್ನಾಗಿ ಗೊತ್ತಿದ್ದರೆ ನನ್ನ ಮಾತು ಬಿಟ್ಟು ಅದನ್ನೇ ಹಿಡಿಯಿರಿ. ಅದೂ ತೀರ್ಮಾನವಾಗದಿದ್ದರೆ ಈ ಪರೀಕ್ಷೆ ಮಾಡಿ: ಎರಡು ಬೋರ್ಡ್‌ಗಳ ಮೇಲೂ ಮಳೆ ಎಣಿಸುವ ಪುಟ್ಟ ಪ್ರೋಗ್ರಾಮ್ ಬರೆದು, ಒಬ್ಬರು ಅದರಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಿ, ಇನ್ನೊಬ್ಬರ ಕೈಗೆ ಕೊಡಲಿ. ಯಾವ ಬೋರ್ಡಿನ ಮೇಲೆ ತಪ್ಪು ಬೇಗ ಸಿಕ್ಕಿತೋ ಅದನ್ನು ಕೊಳ್ಳಿ. ಪ್ರೋಗ್ರಾಮನ್ನು ಮೊದಲ ದಿನದಿಂದಲೇ, ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಇಡಿ, ತೋಟದಲ್ಲಿರುವ ಪ್ರತಿ ಸಾಧನವೂ ತನ್ನಲ್ಲಿರುವುದು ಯಾವ ಆವೃತ್ತಿ ಎಂದು ಚಾಲೂ ಆದಾಗ ಹೇಳುವಂತಿರಲಿ.

ತೋಟ ನೋಡಿಕೊಳ್ಳುವ ಗೆಳೆಯರಿಗೂ ಒಂದು ಕೆಲಸವಿದೆ. ಅವರ ಮನೆಯಲ್ಲಿ ಮಳೆ ಬರೆದಿಡುವ ಪುಸ್ತಕ ಇದ್ದೇ ಇರುತ್ತದೆ. ಕೈಯಲ್ಲಿ ಅಳೆಯುವ ಆ ಮಾಪಕವನ್ನು ನಿಮ್ಮ ಸಾಧನದ ಪಕ್ಕದಲ್ಲೇ, ಮರದ ಹನಿ ಬೀಳದ ಬಯಲಿನಲ್ಲಿ ಇಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಎರಡರ ಅಳತೆಯನ್ನೂ ಒಂದೇ ಸಾಲಿನಲ್ಲಿ ಬರೆಯಲಿ. ವ್ಯತ್ಯಾಸ ಕೆಲವು ಸೆಂಟ್‌ಗಳೊಳಗೆ ಇರುವವರೆಗೆ ಪಂಪಿನ ನಿರ್ಧಾರವನ್ನು ಸಾಧನಕ್ಕೆ ಬಿಡಬಹುದು. ಅದಕ್ಕಿಂತ ಹೆಚ್ಚಾದ ದಿನ ಪಂಪನ್ನು ಕೈಯಿಂದ ಚಾಲು ಮಾಡಿ, ಸಾಧನವನ್ನು ಮೇಜಿನ ಮೇಲೆ ತಂದು ಅನಲೈಸರ್ ಚುಚ್ಚಿ.